ಸ್ವಂತ ಇಚ್ಛೆಯ ಗಂಟು

“ಏನೇ ಮುದುಕಿ, ಮೆಷಿನ್ನಿಗೆ ಜಡೆ ಹಾಕ್ತಿದೀಯಾ? ಮದುವೆ ಮನೆಗೆ ಕರ್ಕೊಂಡು ಹೋಗ್ಬೇಕಾ ಅದನ್ನ?”

ಮೇಸ್ತ್ರಿ ಬೆನ್ನ ಹಿಂದೆಯೇ ನಿಂತಿದ್ದ. ಅತ್ತೆ ತಿರುಗಿ ನೋಡಲಿಲ್ಲ. ಎಡಗಡೆಯ ಹಸಿರು ಗುಂಡಿಗೆ ರಬ್ಬರ್ ಪಟ್ಟಿ ಸುತ್ತುತ್ತಿದ್ದ ಅವಳ ಬೆರಳು ಇವತ್ತು ಹೇಳಿದ ಮಾತು ಕೇಳುತ್ತಿರಲಿಲ್ಲ. ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಕಟ್ಟುತ್ತಿದ್ದ ಗಂಟು ಎರಡು ಸಲ ಜಾರಿತು.

“ಕೈ ನಡುಗಿದ್ರೆ ಮನೇಲಿ ಕೂತ್ಕೋ. ನಾನೇನು ಕಾಲು ಹಿಡ್ಕೊಂಡು ಕರೆದಿದ್ನಾ? ಇಷ್ಟ ಇದ್ರೆ ಮಾಡಿ, ಕಷ್ಟ ಆದ್ರೆ ಬಿಡಿ.”

ಇದು ಮೇಸ್ತ್ರಿಯ ಮಂತ್ರ. ಬೆಳಿಗ್ಗೆ ಗೇಟು ತೆಗೆದಾಗೊಮ್ಮೆ, ಮಧ್ಯಾಹ್ನ ಊಟದ ಗಂಟೆ ಹೊಡೆದಾಗೊಮ್ಮೆ, ಯಾರಾದರೂ ಕಣ್ಣೊರೆಸಿಕೊಂಡಾಗೊಮ್ಮೆ ಹೇಳುತ್ತಿದ್ದ. ಹೇಳುವಾಗ ಬಲಗೈ ಗಾಳಿಯಲ್ಲಿ ಆಡುತ್ತಿತ್ತು. ಎಡಗೈ ಮಾತ್ರ ಸದಾ ಪ್ಯಾಂಟಿನ ಜೇಬಿನಲ್ಲೇ. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಅವನೂ ಒಂದು ಕಾಲಕ್ಕೆ ಇದೇ ಸಾಲಿನಲ್ಲಿ ಕೂತು ಪ್ರೆಸ್ ಒತ್ತಿದವನು, ಆ ಕೈಯನ್ನು ಇಲ್ಲಿಯೇ ಕೊಟ್ಟು ಮೇಸ್ತ್ರಿಯಾದವನು. ಅದರ ಮಾತು ಯಾರೂ ಎತ್ತುತ್ತಿರಲಿಲ್ಲ.

ಡಬ್ಬಿಯ ಮುಚ್ಚಳ ಮಾಡುವ ಕಾರ್ಖಾನೆ ಅದು. ತಗಡನ್ನು ಅಚ್ಚಿನ ಮೇಲಿಟ್ಟು ಗುಂಡಿ ಒತ್ತಿದರೆ ಮೇಲಿನಿಂದ ಕಬ್ಬಿಣದ ಗುದ್ದು ಬೀಳುತ್ತದೆ, ಮುಚ್ಚಳವಾಗುತ್ತದೆ. ಗುಂಡಿಗಳು ಎರಡು, ಒಂದು ಎಡಕ್ಕೆ, ಒಂದು ಬಲಕ್ಕೆ, ನಡುವೆ ಒಂದು ಮೊಳದಷ್ಟು ಅಂತರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಗುದ್ದು ಇಳಿಯಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಕೈ ಇರುವುದಿಲ್ಲವಲ್ಲ, ಅದಕ್ಕೇ ಹಾಗೆ ಮಾಡಿದ್ದು. ಮೆಷಿನ್ ಮಾಡಿದವನು ಪುಣ್ಯಾತ್ಮನೇ. ಆದರೆ ಹಾಗೆ ಒತ್ತುತ್ತಾ ಕೂತರೆ ಸಾಹುಕಾರರು ಹೇಳಿದಷ್ಟು ಮುಚ್ಚಳ ಸಂಜೆಯೊಳಗೆ ಯಾವ ಜನ್ಮಕ್ಕೂ ಆಗುತ್ತಿರಲಿಲ್ಲ. ಅದಕ್ಕೆ ಒಂದು ಗುಂಡಿಯನ್ನು ರಬ್ಬರಿನಿಂದ ಬಿಗಿದು ಕಟ್ಟಿಬಿಡುವುದು. ಒಂದು ಕೈ ತಗಡು ತಳ್ಳಿದರೆ ಇನ್ನೊಂದು ಕೈ ಗುಂಡಿ ಒತ್ತುತ್ತದೆ. ಕಟ್ಟಿದ ಮೆಷಿನ್ನು ‘ದಡದಡ ದಡದಡ’ ಎನ್ನುತ್ತದೆ. ಕಟ್ಟದ್ದು ‘ದಡ್... ದಡ್’ ಎಂದು ನಿಧಾನಕ್ಕೆ ನರಳುತ್ತದೆ. ರಸ್ತೆಯಲ್ಲಿ ನಿಂತು ಕೇಳಿದರೂ ಯಾವ ಮೆಷಿನ್ನು ಹೇಗೆ ಓಡುತ್ತಿದೆ ಎಂದು ಅತ್ತೆ ಹೇಳಬಲ್ಲಳು.

ಕಟ್ಟಿ ಎಂದು ಯಾರೂ ಯಾವತ್ತೂ ಬಾಯಿಬಿಟ್ಟು ಹೇಳಿದ್ದಿಲ್ಲ. ಗೋಡೆಯ ಮೇಲೆ ದೊಡ್ಡ ಅಕ್ಷರದ ಬೋರ್ಡು ಇತ್ತು: ‘ಎರಡೂ ಕೈ ಬಳಸಿ. ನಿಮ್ಮ ಸುರಕ್ಷತೆ ನಿಮ್ಮ ಜವಾಬ್ದಾರಿ.’ ಅದೇ ಬೋರ್ಡಿನ ಕೆಳಗೆ ಒಂದು ಮೊಳೆ, ಮೊಳೆಗೆ ಸೈಕಲ್ ಟ್ಯೂಬು ಸೀಳಿ ಮಾಡಿದ ರಬ್ಬರ್ ಪಟ್ಟಿಗಳ ಗೊಂಚಲು. ಗೊಂಚಲು ಕರಗಿದಂತೆಲ್ಲ ತಾನಾಗಿ ತುಂಬುತ್ತಿತ್ತು. ತುಂಬಿದ ಕೈ ಯಾವುದೆಂದು ಯಾರೂ ಕಂಡವರಿಲ್ಲ. ಬಂದವರು ತಮ್ಮ ಪಟ್ಟಿ ತಾವೇ ತೆಗೆದುಕೊಂಡು, ತಮ್ಮ ಗುಂಡಿಗೆ ತಾವೇ ಕಟ್ಟಿಕೊಳ್ಳಬೇಕು. ಒಬ್ಬರ ಮೆಷಿನ್ನಿಗೆ ಇನ್ನೊಬ್ಬರು ಕಟ್ಟುವಂತಿಲ್ಲ. ಮೇಸ್ತ್ರಿಯಂತೂ ಆ ರಬ್ಬರನ್ನು ಬೆರಳಿನಿಂದಲೂ ಮುಟ್ಟುತ್ತಿರಲಿಲ್ಲ. ಕಟ್ಟದಿದ್ದರೆ ಬೈಗುಳವೂ ಇಲ್ಲ, ಹೊಡೆತವೂ ಇಲ್ಲ. ಮರುದಿನ ಗೇಟಿನಲ್ಲಿ “ಇವತ್ತು ನಿಂಗೆ ಮೆಷಿನ್ ಖಾಲಿ ಇಲ್ಲಮ್ಮ” ಎನ್ನುತ್ತಿದ್ದರು, ಅಷ್ಟೇ.

ಅವಳು ಆ ಕಾರ್ಖಾನೆಗೇ ಅತ್ತೆ. ಸೊಸೆಯನ್ನು ಕೆಲಸಕ್ಕೆ ಕರೆತಂದ ಮೇಲೆ, ಆ ಹುಡುಗಿ ಮಾತುಮಾತಿಗೆ “ಅತ್ತೇ, ಅತ್ತೇ” ಎಂದು ಕೂಗುವುದನ್ನು ಕೇಳಿ ಉಳಿದ ಹೆಂಗಸರಿಗೂ ಅದೇ ಬಾಯಿಗೆ ಹತ್ತಿತ್ತು. ಪಕ್ಕದ ಮೆಷಿನ್ನಿನಲ್ಲಿ ಈಗ ಆ ಸೊಸೆ ಇರಲಿಲ್ಲ. ಹೊಸ ಹುಡುಗಿಯೊಬ್ಬಳು ಕೂತಿದ್ದಳು. ಸೀಮೆಎಣ್ಣೆ ಹಾಕಿ ತಿಕ್ಕಿ ತೊಳೆದರೂ ಅಚ್ಚಿನ ಸಂದಿಯಲ್ಲಿ ಕರ್ರಗೆ ಒಂದು ಗೆರೆ ಉಳಿದಿತ್ತು. ಹುಡುಗಿಗೆ ಅದು ಎಣ್ಣೆಯ ಕಲೆ ಅಂತಲೇ ತಿಳಿದಿತ್ತು. ಅತ್ತೆ ತಿಳಿಸಲು ಹೋಗಲಿಲ್ಲ.

ಹೋದ ವಾರ ಆದದ್ದು ಇಷ್ಟು. ಮುಚ್ಚಳವೊಂದು ಅಚ್ಚಿಗೆ ಕಚ್ಚಿಕೊಂಡಿತು. ಅದನ್ನು ಎಬ್ಬಿಸಲು ಸೊಸೆ ಎಡಗೈ ಒಳಗೆ ಹಾಕಿದಳು. ಬೆಳಿಗ್ಗೆಯಿಂದ ಒಂದೇ ಲಯದಲ್ಲಿ ಗುಂಡಿ ಒತ್ತುತ್ತಿದ್ದ ಬಲಗೈ ಅಭ್ಯಾಸಬಲದಿಂದ ಒತ್ತಿಬಿಟ್ಟಿತು. ಎಡಗೈಯಲ್ಲಿ ಹೆಬ್ಬೆರಳೊಂದು ಉಳಿಯಿತು.

ಅತ್ತೆಯ ಎದೆಯಲ್ಲಿ ಕಚ್ಚಿಕೊಂಡದ್ದು ಬೇರೆಯೇ ಇತ್ತು. ಸೊಸೆ ಮೊದಮೊದಲು ಕಟ್ಟುತ್ತಿದ್ದ ಗಂಟು ಹಾಳಾದ್ದು ಗಳಿಗೆಗೊಮ್ಮೆ ಸಡಿಲವಾಗಿ ಮೆಷಿನ್ನು ನಿಂತುಬಿಡುತ್ತಿತ್ತು. ಎರಡು ದಿನ ಗೇಟಿನಿಂದ ವಾಪಸ್ಸಾದಳು. ಆಗ ಅತ್ತೆಯೇ ತನ್ನ ಗಂಟು ಕಲಿಸಿದ್ದಳು. ಎರಡು ಸುತ್ತು ಸುತ್ತಿ, ತುದಿಯನ್ನು ಹಿಂದಿನಿಂದ ತಂದು ಒಳಗೆ ತುರುಕಿ ಎಳೆಯುವುದು. ಎಷ್ಟು ಅದುರಿದರೂ ಬಿಚ್ಚುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ಸಾಲಿನಲ್ಲಿ ಉಳಿದ ಯಾರಿಗೂ ಆ ಗಂಟು ಬರುತ್ತಿರಲಿಲ್ಲ. ಸೊಸೆಯದೇ ಹಳೆಯ ಸಡಿಲು ಗಂಟಿದ್ದಿದ್ದರೆ ಗುದ್ದು ಇಳಿಯುವ ಮೊದಲು ಜಾರಿರುತ್ತಿತ್ತೋ ಏನೋ.

ಸಂಜೆ ಮನೆಗೆ ಬಂದರೆ ಸೊಸೆ ಬಾಗಿಲಲ್ಲೇ ಕೂತಿದ್ದಳು, ಕೂದಲು ಕೆದರಿಕೊಂಡು. ಪುಟ್ಟ ಮಗಳು ಅವಳ ತೊಡೆಯ ಮೇಲೆ ಮಲಗಿದ್ದಳು. ಒಂದೇ ಕೋಣೆಯ ಮನೆ, ಒಂದು ಕಿಟಕಿ, ಕಿಟಕಿಯಾಚೆ ಇನ್ನೊಬ್ಬರ ಗೋಡೆ. ಅತ್ತೆಯ ಮಗ, ಅಂದರೆ ಈ ಹುಡುಗಿಯ ಗಂಡ, ಲಾರಿ ಹತ್ತಿಕೊಂಡು ಹೋದವನು ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ್ದ. ಅವನು ಬಿಟ್ಟುಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟುಹೋಗಲು ಜಾಗವಿಲ್ಲದೆ ಉಳಿದವರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರಿಗೂ ಕಾಲ ಬರಲೇ ಇಲ್ಲ.

ಅತ್ತೆ ಬಾಚಣಿಗೆ ತಂದು ಅವಳ ಹಿಂದೆ ಕೂತಳು. ಒಲೆಯ ಮೇಲೆ ಹಾಲು ಉಕ್ಕಿಸಿದ್ದಕ್ಕೆ, ನೀರಿನ ಬಿಂದಿಗೆ ಮುಚ್ಚದಿದ್ದಕ್ಕೆ ಒಂದಷ್ಟು ಬೈದಳು. ಬೈಗುಳ ಮುಗಿಯುವ ಹೊತ್ತಿಗೆ ಸಿಕ್ಕು ಬಿಡಿಸಿಯಾಗಿತ್ತು. ಜಡೆ ಹೆಣೆಯುತ್ತಿದ್ದಾಗ ಸೊಸೆ ಮೆಲ್ಲಗೆ ವಿಷಯ ತೆಗೆದಳು. ಸಾಹುಕಾರರ ವಕೀಲ ಬಂದಿದ್ದನಂತೆ, ಒಂದು ಚೀಲ ಹಣ್ಣು ಹಿಡಿದುಕೊಂಡು. ಬಹಳ ಮರ್ಯಾದೆಯಿಂದ ಮಾತಾಡಿಸಿದನಂತೆ.

“ಏನ್ ಕೇಳ್ದ?”

“ಕೈ ಯಾರದಮ್ಮ ಅಂದ. ನಂದೇ ಅಂದೆ. ಒಳಗೆ ಹಾಕಿದ್ದು ಯಾರು ಅಂದ. ನಾನೇ ಅಂದೆ. ಯಾರಾದ್ರೂ ನಿನ್ ಕೈ ಹಿಡಿದು ತುರುಕಿದ್ರಾ ಅಂದ. ಇಲ್ಲ ಅಂದೆ. ಗುಂಡಿ ಕಟ್ಟಿದ್ದು ಯಾರು ಅಂದ...” ಸೊಸೆಯ ದನಿ ಸಣ್ಣದಾಯಿತು. “ಅದಕ್ಕೆ ನಾನು ಏನೂ ಹೇಳ್ಲಿಲ್ಲ ಅತ್ತೆ. ಅಳು ಬಂತು. ಆಮೇಲೆ ಬರ್ತೀನಿ ಅಂತ ಎದ್ದು ಹೋದ. ನಾಡಿದ್ದು ಕಾರ್ಮಿಕ ಇಲಾಖೆ ಸಾಹೇಬ್ರು ಕಾರ್ಖಾನೆಗೇ ಬಂದು ವಿಚಾರಣೆ ಮಾಡ್ತಾರಂತೆ. ಕಟ್ಟಿದ್ದು ನಾನೇ ತಾನೇ? ಇನ್ನೇನು ಹೇಳ್ಲಿ?”

ಅತ್ತೆ ಜಡೆಯ ತುದಿಗೆ ರಿಬ್ಬನ್ನು ಸುತ್ತಿದಳು. ಕೈ ತನ್ನ ಪಾಡಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಹಿಂದಿನಿಂದ ತಂದು ಒಳಗೆ ತುರುಕಿತು. ಅವಳು ಗಕ್ಕನೆ ಕೈ ಹಿಂತೆಗೆದುಕೊಂಡಳು, ರಿಬ್ಬನ್ನನ್ನು ಬಿಚ್ಚಲು ನೋಡಿದಳು, ಬಿಚ್ಚಲು ಬರಲಿಲ್ಲ.

ಮರುದಿನ ಮಧ್ಯಾಹ್ನ ಸಾಹುಕಾರರ ಗಾಜಿನ ಕೋಣೆಯಿಂದ ಅವಳಿಗೆ ಕರೆ ಬಂತು. ಒಳಗೆ ವಕೀಲ ಕೂತಿದ್ದ, ಮೇಸ್ತ್ರಿ ಗೋಡೆಗೆ ಒರಗಿ ನಿಂತಿದ್ದ. ಕುರ್ಚಿ ಇನ್ನೂ ಎರಡು ಖಾಲಿ ಇದ್ದವು, ಕೂತ್ಕೋ ಎಂದು ಯಾರೂ ಹೇಳಲಿಲ್ಲ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಸೊಸೆಯ ರಬ್ಬರ್ ಪಟ್ಟಿ. ಗಂಟು ಕೆಡದಂತೆ ಬದಿಯಲ್ಲಿ ಕತ್ತರಿಸಿದ್ದರು. ರಕ್ತ ಒಣಗಿ ಸೆಟೆದುಕೊಂಡಿತ್ತು. ಇಷ್ಟು ದಿನ ಇಲಾಖೆಯವರು ಬಂದರೆ ಗೇಟಿನಿಂದ ಎರಡು ಸಲ ಗಂಟೆ ಹೊಡೆಯುತ್ತಿದ್ದರು, ಹೆಂಗಸರೆಲ್ಲ ಪಟ್ಟಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಕಳ್ಳಬಸಿರಿನ ಹಾಗೆ ಮುಚ್ಚಿಡುತ್ತಿದ್ದ ವಸ್ತು ಈಗ ಸಾಹುಕಾರರ ಮೇಜಿನ ಮೇಲೆ ರಾಜಾರೋಷವಾಗಿ ಕೂತಿತ್ತು.

ವಕೀಲ ಮೆತ್ತಗೆ ಮಾತಾಡುವವನು. ನಾಳೆ ಸಾಕ್ಷಿ ಹೇಳುವಾಗ ಸುಳ್ಳು ಹೇಳಬೇಕಾಗಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು ಎಂದ. ಅವರವರ ಗಂಟು ಅವರವರೇ ಕಟ್ಟಿಕೊಳ್ಳುತ್ತಾರೆ, ಯಾರೂ ಒತ್ತಾಯ ಮಾಡುವುದಿಲ್ಲ, ಇಷ್ಟೇ ತಾನೇ ನಿಜ? ಹಾಗಾದರೆ ಅವಳಿಗೆ ಏನೂ ಸಿಗುವುದಿಲ್ಲವೇ ಎಂದು ಅತ್ತೆ ಕೇಳಿದಳು. ವಕೀಲನಿಗೆ ಪಾಪ ಎನಿಸಿರಬೇಕು. ಕನ್ನಡಕ ತೆಗೆದು ಒರೆಸಿಕೊಂಡ.

“ನೋಡಮ್ಮ, ಸುರಕ್ಷತೆಯ ಗುಂಡೀನ ತನ್ನ ಕೈಯಾರೆ ಕೆಡಿಸಿಕೊಂಡವರಿಗೆ ಕಾನೂನಲ್ಲಿ ಪರಿಹಾರ ಇಲ್ಲ. ಮಾಡಿದ್ದುಣ್ಣೋ ಮಹಾರಾಯ. ಬೇರೆ ಕೆಲಸದವರು ಯಾರಾದ್ರೂ ಕಟ್ಟಿದ್ದಿದ್ರೆ ಮಾತೇ ಬೇರೆ. ಆಗ ಸಾಹುಕಾರರು ಅವಳಿಗೆ ಜೀವನಪೂರ್ತಿ ಕೊಡ್ಬೇಕಾಗ್ತಿತ್ತು, ಕಟ್ಟಿದವರು ಜೈಲಿಗೆ ಹೋಗ್ಬೇಕಾಗ್ತಿತ್ತು. ಇಲ್ಲಿ ಹಾಗೇನೂ ಆಗಿಲ್ವಲ್ಲ.”

“ಮೇಸ್ತ್ರಿ ಹೇಳಿಕೊಟ್ಟ ಗಂಟು ಅದು,” ಎಂದಳು ಅತ್ತೆ. “ನಾನು ಸೇರಿದ ಹೊಸದ್ರಲ್ಲಿ ಇವ್ರೇ ನನ್ ಪಕ್ಕ ಕೂತು ಕಲ್ಸಿದ್ದು. ಆಗ ಇವ್ರಿಗೆ ಎರಡು ಕೈ ಇತ್ತು.”

ವಕೀಲ ನಿಧಾನವಾಗಿ ಮೇಸ್ತ್ರಿಯ ಕಡೆ ತಿರುಗಿದ.

“ಕೈ ತೆಗೀರಿ ಮೇಸ್ತ್ರಿ.”

ಮೇಸ್ತ್ರಿ ಅರ್ಥವಾಗದವನಂತೆ ನೋಡಿದ.

“ಎಡಗೈ. ಆಚೆ ತೆಗೀರಿ, ತೋರ್ಸಿ.”

ಮೇಸ್ತ್ರಿ ಜೇಬಿನಿಂದ ಕೈ ಹೊರಗೆ ತೆಗೆದ. ಬೆರಳಿಲ್ಲದ ಅಂಗೈ ಬಿಸಿಲು ಕಾಣದೆ ಬಿಳಿಚಿಕೊಂಡಿತ್ತು. ವಕೀಲ ಅದನ್ನು ಪೆನ್ನಿನ ತುದಿಯಿಂದ ತೋರಿಸಿದ, ಅಂಗಡಿಯಲ್ಲಿ ಸಾಮಾನು ತೋರಿಸುವ ಹಾಗೆ.

“ಈ ಕೈಲಿ ಗಂಟು ಕಟ್ಟೋಕಾಗುತ್ತಾ? ಹೇಳು. ಯಾವ ಸಾಹೇಬ ನಂಬ್ತಾನೆ? ಮೇಸ್ತ್ರಿ ಹೆಸರು ಎತ್ತಿದ್ರೆ ನಿನಗೇ ನಷ್ಟ. ಕಟ್ಟೋಕಾಗದ ಕೈ ಕಟ್ಟಿರೋಕೆ ಸಾಧ್ಯವಿಲ್ಲ.”

ಮೇಸ್ತ್ರಿಯ ಮುಖ ಕೆಂಪಾಗಿತ್ತು. ಕೈಯನ್ನು ಮತ್ತೆ ಜೇಬಿಗೆ ತುರುಕಿಕೊಂಡ. ತುರುಕಿಕೊಂಡವನು ತನ್ನ ಸಿಟ್ಟನ್ನೆಲ್ಲ ಅತ್ತೆಯ ಮೇಲೆ ಕಾರಿಕೊಂಡ. “ನಡಿಯೇ ಆಚೆ, ದರಿದ್ರದವಳೇ. ಉಂಡ ಮನೆಗೆ ಎರಡು ಬಗೀತಾಳೆ.”

ಅತ್ತೆ ಮತ್ತೆ ಮೆಷಿನ್ನಿನ ಮುಂದೆ ಕೂತಳು. ಇಡೀ ಮಧ್ಯಾಹ್ನ ತಗಡು ತಳ್ಳುತ್ತಾ ಯೋಚಿಸಿದಳು. ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಒಂದು ಕೈಯ ಹುಡುಗಿ, ಸಣ್ಣ ಮಗು, ಕೆಲಸವಿಲ್ಲ, ಗಂಡನಿಲ್ಲ. ತನ್ನ ರಟ್ಟೆ ಎಷ್ಟು ದಿನ ನಡೆದೀತು? ಮೇಸ್ತ್ರಿಯ ಹೆಸರು ಹೇಳಿದರೆ ನಂಬುವವರಿಲ್ಲ. ಉಳಿದದ್ದು ಒಂದೇ ದಾರಿ. ಆ ದಾರಿಯನ್ನು ವಕೀಲ ತಾನೇ ಬಾಯಿಬಿಟ್ಟು ತೋರಿಸಿದ್ದ. ‘ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ’ ಎಂಬ ಗಾದೆಯನ್ನು ಅವಳು ಕೇಳಿದ್ದಳು. ಈ ಕಾನೂನಿನ ಮನೆಯಲ್ಲಿ ಎಲ್ಲ ತಿರುಗುಮುರುಗು. ಇಲ್ಲಿ ಸೊಸೆ ಒಡೆದದ್ದಕ್ಕೆ ಬೆಲೆಯಿಲ್ಲ, ಅತ್ತೆ ಒಡೆದರೆ ಇದೆ. ಜೈಲು ಎಂದರೆ ಏನಿರಬಹುದೆಂದು ಊಹಿಸಲೂ ಬರಲಿಲ್ಲ. ಅವಳಿಗೆ ತುಂಬ ಹೆದರಿಕೆಯಾಗಿತ್ತು.

ವಿಚಾರಣೆಯ ದಿನ ಬೋರ್ಡಿನ ಕೆಳಗೇ ಮೇಜು ಹಾಕಿದರು. ಮೊಳೆಯ ಮೇಲಿನ ಗೊಂಚಲು ಅಲ್ಲೇ ಇತ್ತು. ಅದನ್ನು ಮುಚ್ಚುವ ಅಗತ್ಯ ಇವತ್ತು ಯಾರಿಗೂ ಕಾಣಲಿಲ್ಲ. ಇಲಾಖೆಯ ಸಾಹೇಬ ದಣಿದ ಮುಖದ ಮನುಷ್ಯ, ಬಂದೊಡನೆ ನೀರು ಕೇಳಿ ಕುಡಿದ. ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಪೊಲೀಸ್ ಕೇಸೂ ಆಗಿದ್ದರಿಂದ ಠಾಣೆಯಿಂದ ಒಬ್ಬ ಪೇದೆ ಹೆಂಗಸು ಬಂದಿದ್ದಳು. ಸೊಸೆ ಕೈಯನ್ನು ಸೆರಗಿನಡಿ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಮೆಷಿನ್ನುಗಳೆಲ್ಲ ನಿಂತಿದ್ದವು. ಆ ಕೋಣೆಯಲ್ಲಿ ಅಂಥ ನಿಶ್ಶಬ್ದವನ್ನು ಹೆಂಗಸರು ಯಾವತ್ತೂ ಕೇಳಿದವರಲ್ಲ. ಒಬ್ಬರ ಉಸಿರು ಒಬ್ಬರಿಗೆ ಕೇಳುತ್ತಿತ್ತು.

ಮೇಸ್ತ್ರಿ ಮೊದಲು ಹೇಳಿದ. ಬೋರ್ಡು ತೋರಿಸಿದ. ತಾನು ದಿನಾ ಎಚ್ಚರಿಸುತ್ತೇನೆ, ಕೇಳುವುದು ಬಿಡುವುದು ಅವರಿಷ್ಟ ಎಂದ. ಆಮೇಲೆ ಅತ್ತೆಯನ್ನು ಕರೆದರು.

“ಈ ರಬ್ಬರ್ ಕಟ್ಟಿದ್ದು ಯಾರು?” ಸಾಹೇಬ ಪ್ಲಾಸ್ಟಿಕ್ ಚೀಲ ಎತ್ತಿ ಹಿಡಿದ.

“ನಾನು.”

ಗುಮಾಸ್ತ ಬರೆಯಲು ಬಗ್ಗಿದವನು ತಲೆಯೆತ್ತಿದ. ವಕೀಲ, ಪ್ರಶ್ನೆ ಅವಳ ಮೆಷಿನ್ನಿನದಲ್ಲ, ಸೊಸೆಯ ಮೆಷಿನ್ನಿನದು ಎಂದು ನಗುತ್ತಾ ತಿದ್ದಲು ಬಂದ.

“ಗೊತ್ತು. ಸೊಸೆ ಮೆಷಿನ್ನಿಗೆ ಅವತ್ತು ಬೆಳಿಗ್ಗೆ ಕಟ್ಟಿದ್ದು ನಾನೇ. ಅವಳಿನ್ನೂ ಬಂದು ಕೂತಿರ್ಲಿಲ್ಲ. ಅವಳಿಗೆ ಗೊತ್ತೂ ಇಲ್ಲ.”

ಸೊಸೆ ಸ್ಟೂಲಿನಿಂದ ಎದ್ದಳು. “ಅತ್ತೇ, ಏನ್ ಹೇಳ್ತಿದೀರಾ? ಇಲ್ಲ ಸಾಹೇಬ್ರೇ, ಅದು—”

“ಬಾಯ್ಮುಚ್ಚೇ.” ಅತ್ತೆ ತಿರುಗಿ ನಿಂತಳು. ಅಷ್ಟು ಜೋರು ದನಿ ಅವಳಲ್ಲಿ ಇದೆಯೆಂದು ಸಾಲಿನವರಿಗೇ ಗೊತ್ತಿರಲಿಲ್ಲ. “ಅತ್ತೆ ಮಾತಾಡೋವಾಗ ನಡುವೆ ಬಾಯಿ ಹಾಕ್ಬಾರ್ದು ಅಂತ ನಿಮ್ಮಮ್ಮ ಹೇಳ್ಕೊಟ್ಟಿಲ್ವಾ? ಕೂತ್ಕೋ.”

ಸೊಸೆ ಕೂತಳು. ಬಾಯಿಗೆ ಸೆರಗು ಒತ್ತಿಕೊಂಡಳು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಸಾಹೇಬ ಕೇಳಿದ. ಕೇಳಿದವರಿರಲಿಲ್ಲ ಎಂದಳು. ಕಟ್ಟಿ ತೋರಿಸು ಎಂದ. ಅತ್ತೆ ಮೊಳೆಯಿಂದ ಒಂದು ಪಟ್ಟಿ ಎಳೆದುಕೊಂಡು ಸೊಸೆಯ ಮೆಷಿನ್ನಿನ ಮುಂದೆ ನಿಂತಳು. ಎರಡು ಸುತ್ತು, ಹಿಂದಿನಿಂದ ತುದಿ, ಒಳಗೆ ತುರುಕಿ ಎಳೆತ. ಇವತ್ತು ಬೆರಳು ನಡುಗಲಿಲ್ಲ. ಸಾಹೇಬ ಚೀಲವನ್ನು ಪಕ್ಕಕ್ಕೆ ಹಿಡಿದು ನೋಡಿದ. ಒಂದೇ ಗಂಟು. ಉಳಿದ ಇಬ್ಬರು ಮೂವರು ಹೆಂಗಸರನ್ನೂ ಕರೆದು ಕಟ್ಟಿಸಿದ. ಅವರದು ಬೇರೆ ಬೇರೆ, ಎಳೆದರೆ ಬಿಚ್ಚುವಂಥವು.

ವಕೀಲನ ನಗು ಹೋಗಿತ್ತು. ಸೊಸೆಗೂ ಈ ಗಂಟು ಬರುತ್ತದೆ, ಅತ್ತೆಯೇ ಕಲಿಸಿದ್ದಾಳೆ, ಇದು ಪರಿಹಾರ ಹೊಡೆಯುವ ಸಂಚು ಎಂದು ಏರುದನಿಯಲ್ಲಿ ಶುರುಮಾಡಿದ. “ಬೇಕಾದ್ರೆ ಅವಳ ಕೈಲೂ ಕಟ್ಟಿಸಿ ನೋಡಿ ಸಾರ್. ಅವಳೂ ಕಟ್ಟಿ ತೋರ್ಸಲಿ.”

ಎಲ್ಲರೂ ಸೊಸೆಯ ಕಡೆ ನೋಡಿದರು. ಅವಳು ಸೆರಗಿನಡಿಯಿಂದ ಕೈ ತೆಗೆದಳು. ಬಟ್ಟೆ ಸುತ್ತಿದ ಮುದ್ದೆ, ಅದರ ಬದಿಯಲ್ಲಿ ಒಂಟಿ ಹೆಬ್ಬೆರಳು. ಸಾಹೇಬ ತಲೆ ತಗ್ಗಿಸಿದ. ಯಾರೋ ಹಿಂದಿನಿಂದ “ಥೂ” ಎಂದರು.

“ಕಟ್ಟೋಕಾಗದ ಕೈ ಕಟ್ಟಿರೋಕೆ ಸಾಧ್ಯವಿಲ್ಲ ಅಂತ ನೀವೇ ಅಂದ್ರಲ್ಲ ವಕೀಲರೇ,” ಎಂದಳು ಅತ್ತೆ. “ನಿನ್ನೆ, ಗಾಜಿನ ಕೋಣೇಲಿ.”

ವಕೀಲ ಕನ್ನಡಕ ತೆಗೆದು ಒರೆಸತೊಡಗಿದ. ಸಾಹೇಬ ಗುಮಾಸ್ತನಿಗೆ ಹೇಳಿ ಬರೆಸತೊಡಗಿದ. ನಡುವೆ ನಿಲ್ಲಿಸಿ, ಅತ್ತೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಅವನಿಗೆ ತಿಳಿದಿರಬಹುದು. ತಿಳಿದದ್ದನ್ನು ಬರೆಯುವ ಜಾಗ ಆ ಹಾಳೆಯಲ್ಲಿ ಇರಲಿಲ್ಲ.

“ಯಾರಾದ್ರೂ ಕಟ್ಟು ಅಂತ ಹೇಳಿದ್ರಾ? ಹೆದರಿಸಿದ್ರಾ?”

ಅತ್ತೆ ಮೇಸ್ತ್ರಿಯ ಕಡೆ ನೋಡಿದಳು.

“ಇಲ್ಲ ಸಾಹೇಬ್ರೇ. ಇಲ್ಲಿ ಯಾರೂ ಹೆದರಿಸಲ್ಲ. ಇಷ್ಟ ಇತ್ತು, ಮಾಡ್ದೆ.”

‘ಯಾರ ಒತ್ತಾಯವೂ ಇಲ್ಲದೆ ನನ್ನ ಸ್ವಂತ ಇಚ್ಛೆಯಿಂದ’ ಎಂದು ಗುಮಾಸ್ತ ಗಟ್ಟಿಯಾಗಿ ಓದುತ್ತಾ ಬರೆದುಕೊಂಡ. ಅತ್ತೆ ಹೆಬ್ಬೆಟ್ಟು ಒತ್ತಿದಳು. ಶಾಯಿ ಒರೆಸಿಕೊಳ್ಳಲು ಯಾರೋ ಮುಚ್ಚಳ ಒರೆಸುವ ಬಟ್ಟೆ ಕೊಟ್ಟರು. ಪೇದೆ ಹೆಂಗಸು ಮುಂದೆ ಬಂದು ಅವಳ ರಟ್ಟೆ ಹಿಡಿದಳು, ಬಿಗಿಯಾಗೇನೂ ಅಲ್ಲ. ಅತ್ತೆ ಸೊಸೆಯ ಹತ್ತಿರ ನಿಂತು, ಒಲೆಯ ಮೇಲೆ ಹಾಲಿಟ್ಟು ಮರೆಯಬೇಡ ಎಂದಳು. ಬೇರೆ ಏನಾದರೂ ಹೇಳಿದ್ದರೆ ಅಳು ಬಂದುಬಿಡುತ್ತಿತ್ತು.

“ಏನ್ ಕಣ್ಣುಬಿಟ್ಕೊಂಡು ನೋಡ್ತಿದೀರಾ? ನಾಟಕ ಮುಗೀತು,” ಎಂದು ಮೇಸ್ತ್ರಿ ಕೂಗಿದ. “ಮೆಷಿನ್ ಹತ್ರ ಹೋಗಿ. ಇಷ್ಟ ಇದ್ರೆ ಮಾಡಿ, ಕಷ್ಟ ಆದ್ರೆ...”

ಸೊಸೆಯ ಮೆಷಿನ್ನಿನ ಹೊಸ ಹುಡುಗಿ, ಅತ್ತೆ ಈಗಷ್ಟೇ ಕಟ್ಟಿದ ಗಂಟನ್ನು ಕತ್ತರಿಯಿಂದ ಕತ್ತರಿಸಿದಳು. ಮೊಳೆಯಿಂದ ಹೊಸ ಪಟ್ಟಿ ತೆಗೆದುಕೊಂಡಳು. ತನ್ನ ಜಾಗಕ್ಕೆ ಹೋಗದೆ ಮೇಸ್ತ್ರಿಯ ಮುಂದೆ ಬಂದು ನಿಂತು ಅದನ್ನು ಚಾಚಿದಳು.

“ನಂಗೆ ಕಟ್ಟೋಕೆ ಇಷ್ಟ ಇಲ್ಲ ಮೇಸ್ತ್ರಿ. ನೀವೇ ಕಟ್ಟಿಕೊಡಿ.”

ಇನ್ನೊಬ್ಬಳು ಮೊಳೆಯ ಹತ್ತಿರ ಹೋಗಿ ಪಟ್ಟಿ ತೆಗೆದಳು. ಅವಳ ಹಿಂದೆ ಮತ್ತೊಬ್ಬಳು. ಎಲ್ಲರೂ ಬಂದು ಮೇಸ್ತ್ರಿಯ ಮುಂದೆ ನಿಂತರು, ಕೈ ಚಾಚಿ. ಸಾಹೇಬ ಇನ್ನೂ ಕಾಗದ ಜೋಡಿಸಿಕೊಳ್ಳುತ್ತಾ ಅಲ್ಲೇ ಇದ್ದ. ಮೇಸ್ತ್ರಿಯ ಎಡಗೈ ಜೇಬಿನೊಳಗೆ ಅಲುಗಾಡಿತು, ಹೊರಗೆ ಬರಲಿಲ್ಲ.

ಅತ್ತೆ ನೋಡಿದ್ದು ಅಷ್ಟೇ. ಪೇದೆ ಹೆಂಗಸು ಅವಳನ್ನು ಹೊರಗೆ ಕರೆದೊಯ್ದು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದಳು. ಕಿಟಕಿಗೆ ಜಾಲರಿ ಇತ್ತು. ಅತ್ತೆ ಅದಕ್ಕೆ ಕಿವಿಯಿಟ್ಟಳು. ಒಳಗೆ ಯಾವುದೋ ಮೆಷಿನ್ನು ಶುರುವಾಯಿತು. ಒಂದು ಸಲ ದಡ್ ಎಂದಿತು. ಮುಂದಿನ ದಡ್ ತಕ್ಷಣ ಬರುತ್ತದೋ, ತಡವಾಗಿ ಬರುತ್ತದೋ ಎಂದು ಅವಳು ಉಸಿರು ಹಿಡಿದು ಕಾದಳು.

ಅಷ್ಟರಲ್ಲಿ ಡ್ರೈವರ್ ಜೀಪು ಶುರುಮಾಡಿದ. ಇಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.